ಆಡಲೆಂದು ಕೊಟ್ಟ ರೈಲು

ನನಗೆ ಕೋಪ ಬೇಗ ಬರುತ್ತದೆ ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ನಿವೃತ್ತಿಯಾಗುವವರೆಗೂ ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಡ್ರಿಲ್ ಮಿಸ್ ಆಗಿದ್ದವಳು ನಾನು. ಬಿಸಿಲಲ್ಲಿ ನಿಂತು ಇಡೀ ಶಾಲೆಯ ಮಕ್ಕಳನ್ನು ಸಾಲಿಗೆ ತರುವವಳ ಗಂಟಲು ಮೆತ್ತಗಿದ್ದರೆ ನಡೆಯುವುದಿಲ್ಲ. ಆದರೆ ಆ ಕೋಪ ಬಂದಷ್ಟೇ ಬೇಗ ಇಳಿದೂ ಹೋಗುತ್ತಿತ್ತು. ಬೆಳಿಗ್ಗೆ ನನ್ನಿಂದ ಬೈಸಿಕೊಂಡವರು ಸಂಜೆ ನನ್ನ ಜೊತೆಯಲ್ಲೇ ಖೊ ಖೊ ಆಡುತ್ತಿದ್ದರು. ಈಗ ಹೇಳಹೊರಟಿರುವ ಸಂಗತಿಯ ಮೇಲಿನ ಕೋಪ ಮಾತ್ರ ಇನ್ನೂ ಇಳಿದಿಲ್ಲ. ಒಂದು ಆಟದ ಸಾಮಾನಿಗೆ ಇಷ್ಟು ರಂಪವೇ ಎಂದು ಕೇಳಿದವರಿದ್ದಾರೆ. ಅವರಿಗೆ ಆಗ ಸರಿಯಾಗಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಕೋಪದಲ್ಲಿ ಮಾತು ತಡವರಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಂಗಿ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಹೋದ ವರ್ಷ ಅವಳನ್ನು ನೋಡಲು ಹೋದಾಗ ಮನೆಗೆ ಹೋಗದೆ ನೇರವಾಗಿ ಅಂಗನವಾಡಿಗೇ ಹೋದೆ. ಗೋಡೆಯ ಮೇಲೆ ಆನೆ, ನವಿಲು, ಅಕ್ಷರಮಾಲೆ ಎಲ್ಲ ಇದ್ದವು. ಮಕ್ಕಳಿಗೆ ಹಾಲು, ಮೊಟ್ಟೆ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದಳು. ಆಟದ ಸಾಮಾನು ಎಲ್ಲಿ ಎಂದು ಕೇಳಿದ್ದಕ್ಕೆ ಮೂಲೆಯಲ್ಲಿದ್ದ ಬಕೆಟ್ ತೋರಿಸಿದಳು. ಅದರಲ್ಲಿ ಕಾಲಿಲ್ಲದ ಒಂದು ಕುದುರೆ, ಸೀಳಿಹೋದ ಒಂದು ಚೆಂಡು, ಉಳಿದಂತೆ ನೀರಿನ ಬಾಟಲಿಯ ಮುಚ್ಚಳಗಳು. ಮಕ್ಕಳು ಆ ಮುಚ್ಚಳಗಳನ್ನೇ ಸಾಲಾಗಿ ಜೋಡಿಸಿ ಬಸ್ಸು ಎನ್ನುತ್ತಿದ್ದವು. ಮಕ್ಕಳ ಕಲ್ಪನೆ ಎಷ್ಟು ಚೆಂದ ಎಂದು ಮೆಚ್ಚಿಕೊಂಡು ಬರುವವರು ಇರಬಹುದು. ನನಗೆ ಸಿಟ್ಟೇ ಬಂತು. ಊರೂರಿನ ಮನೆಗಳಲ್ಲಿ ಅಟ್ಟದ ಮೇಲೆ, ಮಂಚದ ಕೆಳಗೆ, ಆಡುವವರಿಲ್ಲದೆ ರಾಶಿ ರಾಶಿ ಸಾಮಾನು ಬಿದ್ದಿರುವಾಗ ಈ ಮಕ್ಕಳಿಗೆ ಬಾಟಲಿ ಮುಚ್ಚಳವೇ ಗತಿಯಾಗಬೇಕೆ?

ಊರಿಗೆ ಬಂದವಳು, ಬೆಳಿಗ್ಗೆ ಹೊಳೆಯ ಕಡೆ ವಾಕಿಂಗ್ ಹೋಗುವ ನಮ್ಮ ಹೆಂಗಸರ ಗುಂಪಿನಲ್ಲಿ ಮಾತೆತ್ತಿದೆ. ಮನೆ ಮನೆಗೆ ಹೋಗಿ ಹಳೇ ಆಟದ ಸಾಮಾನು ಕೇಳೋಣ, ತೊಳೆದು ಒರೆಸಿ ಅಂಗನವಾಡಿಗೆ ಕೊಡೋಣ ಎಂದೆ. ಎಲ್ಲರೂ ಒಪ್ಪಿದರು. ಒಪ್ಪುವುದಕ್ಕೇನು, ಸಾಗಿಸಲು ಗಾಡಿ ಬೇಕಲ್ಲ. ಆಗ ನನಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ನೆನಪಾಯಿತು.

ಅವನು ಹಳೇಕೋಟೆಯ ಕಡೆಯವನು. ತೆಂಗು, ಗದ್ದೆ ಎಲ್ಲ ಇರುವ ಅನುಕೂಲದ ಮನೆ. ಹೈಸ್ಕೂಲಿನಲ್ಲಿ ನನ್ನ ಕಬಡ್ಡಿ ತಂಡದಲ್ಲಿದ್ದ. ಈಗ ಮೂವತ್ತು ದಾಟಿದೆ, ಹಾಸನದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಒಂದು ವ್ಯಾನೂ ಇದೆ. ಎಲ್ಲೇ ಸಿಕ್ಕರೂ ರಸ್ತೆಯಲ್ಲೇ ಬಗ್ಗಿ ಕಾಲು ಮುಟ್ಟುವವನು. ಫೋನ್ ಮಾಡಿ ವಿಷಯ ಹೇಳಿದ ತಕ್ಷಣ, ನೀವು ಹೇಳೋದು ಹೆಚ್ಚಾ ನಾನು ಮಾಡೋದು ಹೆಚ್ಚಾ ಮಿಸ್ ಎಂದ. ಪೆಟ್ರೋಲಿಗೆ ದುಡ್ಡು ನಾವೇ ಹಾಕುತ್ತೇವೆ ಎಂದರೂ ಕೇಳಲಿಲ್ಲ. ಆ ದಿನವೇ ತನ್ನ ಸ್ಟೇಟಸ್ಸಿನಲ್ಲಿ ನನ್ನ ಫೋಟೊ ಹಾಕಿ, ನಮ್ಮ ಮಿಸ್ ಜೊತೆ ಕೈ ಜೋಡಿಸಿ ಎಂದು ಬರೆದ. ನಮ್ಮ ಗುಂಪಿನವರೆಲ್ಲ, ವಿದ್ಯಾರ್ಥಿ ಅಂದರೆ ಹೀಗಿರಬೇಕು ಎಂದರು. ನಾನೂ ಬೀಗಿದೆ.

ಭಾನುವಾರ ಬಂದರೆ ನಾನೂ ಅವನೂ ಹೊರಡುತ್ತಿದ್ದೆವು. ಹೊಳೆನರಸೀಪುರ ಮುಗಿಸಿ, ಹಳ್ಳಿಮೈಸೂರು, ಆಮೇಲೆ ಹಾಸನದ ಬಡಾವಣೆಗಳು. ಜನ ಕೊಡುವುದನ್ನು ನೋಡಿದರೆ ಒಂದೊಂದು ಸಲ ವಾಪಸ್ ಎಸೆದು ಬರೋಣ ಎನ್ನಿಸುತ್ತಿತ್ತು. ಬ್ಯಾಟರಿ ಸೋರಿ ಹಸಿರುಗಟ್ಟಿದ ಕಾರು, ತಲೆಯಿಲ್ಲದ ಬೊಂಬೆ, ಇಲಿ ಕಡಿದ ಕರಡಿ. ಅಂಗನವಾಡಿ ಮಕ್ಕಳಿಗೆ ತಾನೇ, ಇಷ್ಟು ಸಾಕು ಎಂಬ ಲೆಕ್ಕ. ಆದರೆ ಒಳ್ಳೆಯದನ್ನು ಕೊಟ್ಟವರೂ ಇದ್ದರು. ಹಳ್ಳಿಮೈಸೂರಿನಲ್ಲಿ ಒಬ್ಬರು, ಮಗು ಹಿಡಿದು ನಡೆಯುವ ಮರದ ಮೂರು ಗಾಲಿಯ ಗಾಡಿಗೆ ಹೊಸ ಬಣ್ಣ ಬಳಿದು ಕೊಟ್ಟರು. ಹಾಸನದ ಒಂದು ಮನೆಯಲ್ಲಿ ಒಂದು ಚೀಲದ ತುಂಬ ಅಂಗೈಯಗಲದ ಲೋಹದ ಕಾರುಗಳನ್ನು ಕೊಟ್ಟರು. ಅವುಗಳಲ್ಲಿ ಎಷ್ಟೋ ಕಾರುಗಳ ಪ್ಯಾಕೆಟ್ಟನ್ನೇ ಬಿಚ್ಚಿರಲಿಲ್ಲ. ನನ್ನ ವಿದ್ಯಾರ್ಥಿ ವ್ಯಾನಿನ ಹಿಂದೆ ಕೂತು ಪ್ರತಿಯೊಂದನ್ನೂ ತಿರುಗಿಸಿ, ತಳ ನೋಡಿ, ಫೋಟೊ ತೆಗೆದು, ಬೇರೆ ಬೇರೆ ಚೀಲಕ್ಕೆ ಹಾಕುತ್ತಿದ್ದ. ಎಷ್ಟು ಅಚ್ಚುಕಟ್ಟು ಎಂದುಕೊಂಡೆ.

ಚನ್ನರಾಯಪಟ್ಟಣಕ್ಕೆ ಹೋದದ್ದು ನಮ್ಮ ಗುಂಪಿನ ಒಬ್ಬರ ತವರು ಅಲ್ಲಿದ್ದುದರಿಂದ. ಅವರು ಹೇಳಿ ಕಳಿಸಿದ್ದ ಮನೆಗಳಲ್ಲಿ ಒಂದು, ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿತ್ತು. ಮುಂದಿನ ಕೋಣೆಯಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಹೊಲಿಗೆ ಮಿಷನ್ ತುಳಿಯುತ್ತಿದ್ದಳು. ಒಳಗಿನಿಂದ ಅವಳ ತಾಯಿ ಬಂದರು. ನನಗಿಂತ ಹಿರಿಯರು. ನಮ್ಮನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಷೋಕೇಸಿನ ಬೀಗ ತೆಗೆದು ಒಂದು ರಟ್ಟಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು.

ಪೆಟ್ಟಿಗೆಯ ಮೇಲೆ ರೈಲಿನ ಬಣ್ಣದ ಚಿತ್ರ. ಒಳಗೆ ಕೀ ಕೊಟ್ಟರೆ ಓಡುವ ತಗಡಿನ ಇಂಜಿನ್ನು, ಮೂರು ಡಬ್ಬಿ, ಒಂದಕ್ಕೊಂದು ಸಿಕ್ಕಿಸುವ ಹಳಿಯ ತುಂಡುಗಳು. ಡಬ್ಬಿಯ ಕಿಟಕಿಗಳಲ್ಲಿ ಟೋಪಿ ಹಾಕಿದ ಗಂಡಸರು, ಜಡೆ ಹೆಣೆದ ಹುಡುಗಿಯರು, ಎಲ್ಲ ತಗಡಿನ ಮೇಲೆ ಬರೆದ ಚಿತ್ರಗಳೇ. ಅವರ ಗಂಡ ಕೊಬ್ಬರಿ ಲೋಡಿನ ಲಾರಿ ಓಡಿಸುತ್ತಿದ್ದವರು. ಮಗಳು ಚಿಕ್ಕವಳಿದ್ದಾಗ ಬೊಂಬಾಯಿಯಿಂದ ಬರುವಾಗ ಅವಳಿಗೆಂದು ತಂದದ್ದಂತೆ. ಆಗಿನ ಕಾಲಕ್ಕೆ ದುಬಾರಿ ಸಾಮಾನು. ಮಗು ಕೈಗೆ ಕೊಟ್ಟರೆ ಹಾಳಾಗುತ್ತದೆ ಎಂದು ತಾಯಿ ಅದನ್ನು ಷೋಕೇಸಿನಲ್ಲಿಟ್ಟು ಬೀಗ ಹಾಕಿದರು. ನೆಂಟರು ಬಂದಾಗ ತೆಗೆದು ತೋರಿಸುವುದು, ಮತ್ತೆ ಇಡುವುದು. ದೊಡ್ಡವಳಾದ ಮೇಲೆ ಕೊಡೋಣ ಎಂದುಕೊಂಡರು. ದೊಡ್ಡವಳಾದ ಮೇಲೆ ಅವಳು ಕೇಳಲಿಲ್ಲ.

ಇದನ್ನೆಲ್ಲ ಅವರು ತಾವಾಗಿ ಹೇಳಿದರು, ನಾನು ಕೇಳಿರಲಿಲ್ಲ. ಆಮೇಲೆ ನೆಲದ ಮೇಲೆ ಕೂತು, ಹಳಿ ಜೋಡಿಸಿ, ಇಂಜಿನ್ನಿಗೆ ಕೀ ಕೊಟ್ಟು ಬಿಟ್ಟರು. ಅಷ್ಟು ವರ್ಷ ಸುಮ್ಮನೆ ಕೂತಿದ್ದರಿಂದಲೋ ಏನೋ, ರೈಲು ಒಂದೆರಡು ಕಡೆ ನಿಂತು, ಒಮ್ಮೆ ಹಳಿ ತಪ್ಪಿ ಸಿಮೆಂಟ್ ನೆಲಕ್ಕೆ ಬಿತ್ತು. ಎತ್ತಿ ಇಟ್ಟ ಮೇಲೆ ಕರಕರ ಎನ್ನುತ್ತ ಒಂದು ಸುತ್ತು ಪೂರ್ತಿ ಓಡಿತು. ಮುಂದಿನ ಕೋಣೆಯ ಮಿಷನ್ ಸದ್ದು ನಿಂತಿತ್ತು. ಮಗಳು ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ತಾಯಿ ಅದನ್ನು ಪೆಟ್ಟಿಗೆಗೆ ತುಂಬಿ ನನ್ನ ಕೈಗೆ ಕೊಟ್ಟು ಹೇಳಿದ ಮಾತು ನನಗೆ ಹಾಗೇ ನೆನಪಿದೆ.

"ಮೇಡಮ್ಮ, ಇದನ್ನ ಅಲ್ಲೂ ಬೀರೂಗೆ ಇಕ್ಕಿ ಬೀಗ ಹಾಕ್ಬುಟ್ಟಾರು. ಮಕ್ಳ ಕೈಗೇ ಕೊಡ್ಸಿ. ಮುರುದ್ರೆ ಮುರೀಲಿ. ನಾನೇನೂ ಕೇಳಾಕಿಲ್ಲ."

ಆಗಲಿ ಎಂದೆ. ಮಾತು ಕೊಟ್ಟವಳು ನಾನು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಎಲ್ಲರೂ ಮರೆತದ್ದು ಇದನ್ನೇ.

ವಾಪಸ್ ಬರುವಾಗ ನನ್ನ ವಿದ್ಯಾರ್ಥಿ ವ್ಯಾನ್ ನಿಲ್ಲಿಸಿ ಆ ಪೆಟ್ಟಿಗೆಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ಭದ್ರ ಮಾಡಿದ. ಪೆಟ್ಟಿಗೆ ಕೂಡ ಒಂಚೂರೂ ಹರಿದಿಲ್ಲ ಮಿಸ್ ಎಂದ. ಇಂಜಿನ್ನು ಅಲ್ಲಲ್ಲಿ ಕಚ್ಚುತ್ತಿದೆ, ಅಂಗಡಿಯಲ್ಲಿ ಬಿಚ್ಚಿ ಎಣ್ಣೆ ಬಿಡುತ್ತೇನೆ ಎಂದು ತಾನೇ ಇಟ್ಟುಕೊಂಡ. ನಾನು ಬೇಡ ಎನ್ನಲು ಕಾರಣವೇ ಇರಲಿಲ್ಲ.

ಸಾಮಾನನ್ನೆಲ್ಲ ಅಂಗನವಾಡಿಗೆ ಒಯ್ದ ದಿನ ನೋಡುವಂತಿತ್ತು. ಸಂಗ್ರಹಿಸಿದ್ದರ ಜೊತೆಗೆ ಹೊಚ್ಚ ಹೊಸ ಪ್ಲಾಸ್ಟಿಕ್ ಜಾರುಬಂಡೆ, ಉಂಗುರಗಳು, ಬಣ್ಣದ ಇಟ್ಟಿಗೆಗಳ ಡಬ್ಬಗಳು ವ್ಯಾನಿನಿಂದ ಇಳಿದವು. ಇದೆಲ್ಲ ಎಲ್ಲಿಂದ ಎಂದು ನನ್ನ ವಿದ್ಯಾರ್ಥಿಯನ್ನು ಕೇಳಿದರೆ, ಒಬ್ಬರು ದಾನಿಗಳು ಕೊಟ್ಟರು, ಹೆಸರು ಬೇಡ ಅಂದಿದ್ದಾರೆ ಎಂದ. ಮಕ್ಕಳು ಮೊದಲು ದೂರ ನಿಂತು ನೋಡಿ, ಆಮೇಲೆ ಒಮ್ಮೆಗೇ ಮುಗಿಬಿದ್ದವು. ತಂಗಿಯ ಕಣ್ಣು ತುಂಬಿತು. ರೈಲೆಲ್ಲಿ ಎಂದು ಕೇಳಿದೆ. ಸ್ಪ್ರಿಂಗು ಹೋಗಿದೆ ಮಿಸ್, ಬೆಂಗಳೂರಿಗೆ ಕಳಿಸಿದ್ದೇನೆ ಎಂದ. ಲೋಹದ ಕಾರುಗಳೂ ಕಾಣಲಿಲ್ಲ. ಚೂಪಾಗಿರುತ್ತವೆ, ಸಣ್ಣ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತವೆ ಎಂದು ದೊಡ್ಡ ಮಕ್ಕಳ ಶಾಲೆಗೆ ಎತ್ತಿಟ್ಟಿದ್ದೇನೆ ಎಂದ. ಸರಿಯಾದ ಯೋಚನೆಯೇ ಎಂದುಕೊಂಡೆ.

ತಿಂಗಳು ಕಳೆಯಿತು. ಚನ್ನರಾಯಪಟ್ಟಣದ ಆ ತಾಯಿ ಮಗಳ ಫೋನಿನಿಂದ ಕರೆ ಮಾಡಿದರು. ಮಕ್ಕಳು ರೈಲಿನಲ್ಲಿ ಆಡುವುದನ್ನು ಒಂದು ವಿಡಿಯೊ ಮಾಡಿ ಕಳಿಸುತ್ತೀರಾ ಎಂದು ಬಹಳ ಸಂಕೋಚದಿಂದ ಕೇಳಿದರು. ರಿಪೇರಿಗೆ ಹೋಗಿದೆ ಎಂದೆ. ಪಾಪ, ಹಾಳಾದದ್ದು ಕೊಟ್ಟೆ ಅಂತ ಬೇಜಾರು ಮಾಡ್ಕೋಬೇಡಿ ಎಂದರು. ಮತ್ತೆ ಸ್ವಲ್ಪ ದಿನ ಬಿಟ್ಟು ಮಾಡಿದರು. ನನ್ನ ವಿದ್ಯಾರ್ಥಿಗೆ ಫೋನ್ ಮಾಡಿದಾಗಲೆಲ್ಲ ಬರುತ್ತೆ ಮಿಸ್, ಈ ವಾರ ಬರುತ್ತೆ ಎನ್ನುತ್ತಿದ್ದ. ಒಂದು ದಿನ ಹಾಸನಕ್ಕೆ ಬ್ಯಾಂಕಿನ ಕೆಲಸಕ್ಕೆ ಹೋದವಳು ಅವನ ಅಂಗಡಿಗೇ ಹೋದೆ. ರಿಪೇರಿಯವರ ಅಡ್ರೆಸ್ ಕೊಡು, ನಾನೇ ಬೆಂಗಳೂರಿಗೆ ಹೋಗಿ ತರುತ್ತೇನೆ ಎಂದೆ.

ಅವನು ಸ್ಟೂಲ್ ಹಾಕಿ, ಕಾಫಿ ತರಿಸಿ, ನಗುತ್ತಲೇ ಹೇಳಿದ. "ರಿಪೇರಿ ಇಲ್ಲ ಏನಿಲ್ಲ ಮಿಸ್. ಅದನ್ನ ಮಾರ್ಬಿಟ್ಟೆ."

ನನಗೆ ಮೊದಲು ಅರ್ಥವಾಗಲಿಲ್ಲ. ಯಾವುದನ್ನು ಎಂದು ಕೇಳಿದೆ. ಅವನು ಫೋನ್ ತೆಗೆದು ತೋರಿಸಿದ. ಅದೇ ರೈಲು, ಅದೇ ಪೆಟ್ಟಿಗೆ, ಒಂದು ಬಿಳಿ ಬಟ್ಟೆಯ ಮೇಲೆ ಇಟ್ಟು ಎಲ್ಲ ಕಡೆಯಿಂದ ತೆಗೆದ ಫೋಟೊಗಳು. ಹಳೇ ಆಟದ ಸಾಮಾನು ಕೂಡಿಡುವವರು, ಮಾರುವವರು ಇರುವ ಒಂದು ಗುಂಪಿನಲ್ಲಿ ಹಾಕಿದ್ದ. ಅಪರೂಪದ್ದು, ಪೆಟ್ಟಿಗೆ ಸಮೇತ, ಮಕ್ಕಳು ಮುಟ್ಟಿಲ್ಲ ಎಂದು ಬರೆದಿದ್ದ. ಲೋಹದ ಕಾರುಗಳೂ ಅಲ್ಲೇ ಇದ್ದವು, ಒಂದೊಂದಕ್ಕೂ ಒಂದೊಂದು ಬೆಲೆ. ರೈಲು ನಲವತ್ತು ಸಾವಿರಕ್ಕೆ ಹೋಯಿತೆಂದ. ನಾನು ಬೆರಗಾಗಿ ಮೆಚ್ಚುತ್ತೇನೆ ಎಂದು ಅವನು ಕಾದದ್ದು ಅವನ ಮುಖದಲ್ಲಿ ಕಾಣುತ್ತಿತ್ತು.

ಯಾರನ್ನು ಕೇಳಿ ಮಾರಿದೆ ಎಂದೆ. ಅವನಿಗೆ ಆಶ್ಚರ್ಯವಾಯಿತು. ಜಾರುಬಂಡೆ, ಇಟ್ಟಿಗೆ ಡಬ್ಬ, ಅವೆಲ್ಲ ಆ ದುಡ್ಡಿನಲ್ಲೇ ತಂದದ್ದಂತೆ. ಹೆಸರು ಬೇಡವೆಂದ ದಾನಿ ಇವನೇ. ಉಳಿದದ್ದು ಎಲ್ಲಿ ಎಂದರೆ, ಓಡಾಟ, ಪೆಟ್ರೋಲು, ಭಾನುವಾರ ಅಂಗಡಿ ಮುಚ್ಚಿದ ನಷ್ಟ ಎಂದ. ನಾನು ವ್ಯಾಪಾರ ಮಾಡಿದವಳಲ್ಲ, ಆದರೆ ಆಟದಲ್ಲಿ ಮಕ್ಕಳಿಗೆ ಲೆಕ್ಕ ತಪ್ಪದೆ ಪಾಯಿಂಟು ಕೊಟ್ಟು ಗೊತ್ತು. ತಂದ ಸಾಮಾನಿನ ಬೆಲೆ ಆ ದುಡ್ಡಿನ ಕಾಲು ಭಾಗವೂ ಆಗುವುದಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಆದರೂ ಆ ಹೊತ್ತಿನಲ್ಲಿ ನನ್ನ ಬಾಯಿಗೆ ಬಂದದ್ದು ದುಡ್ಡಿನ ಮಾತಲ್ಲ. ಆ ತಾಯಿ ಏನು ಹೇಳಿ ಕೊಟ್ಟರು, ನೀನೂ ಅಲ್ಲೇ ಕೂತಿದ್ದೆಯಲ್ಲ ಎಂದು ಕೇಳಿದೆ.

"ಮಿಸ್, ಸ್ವಲ್ಪ ಪ್ರಾಕ್ಟಿಕಲ್ಲಾಗಿ ನೋಡಿ. ಆ ಹಳ್ಳಿ ಮಕ್ಕಳ ಕೈಗೆ ಕೊಟ್ಟಿದ್ರೆ ಎರಡು ದಿನಕ್ಕೆ ಅದು ತಗಡು."

"ಆ ಎರಡು ದಿನ ಯಾರದು ಕಣೋ?" ಎಂದೆ. "ಆ ಮಕ್ಕಳದು. ಅದನ್ನ ಅವರಿಗೆ ಬರ್ಕೊಟ್ಟಿದ್ದು ಆ ಅಮ್ಮ. ಮಾರೋಕೆ ನೀನ್ಯಾರು?"

ಅವನು ತಲೆ ತಗ್ಗಿಸುತ್ತಾನೆ ಎಂದುಕೊಂಡಿದ್ದೆ. ತಗ್ಗಿಸಲಿಲ್ಲ. ಬೇಸರದಿಂದ, ನನಗೆ ತಿಳಿಯದ ವಿದ್ಯೆಯೊಂದನ್ನು ತಾಳ್ಮೆಯಿಂದ ಹೇಳಿಕೊಡುವವನ ಹಾಗೆ, ಇಂಥ ಸಾಮಾನಿನ ಬೆಲೆ ನಿಲ್ಲುವುದೇ ಅದನ್ನು ಯಾರೂ ಮುಟ್ಟಿಲ್ಲ ಎಂಬುದರ ಮೇಲೆ ಎಂದು ವಿವರಿಸಿದ. ಆಮೇಲೆ ಹೇಳಿದ್ದನ್ನು ಕೇಳಿ ಕಾಫಿ ಲೋಟ ಕೆಳಗಿಟ್ಟೆ.

"ಆವತ್ತು ಆ ಅಮ್ಮ ಕೆಳಗೆ ಬೀಳ್ಸಿದ್ರಲ್ಲ, ಗಾಲಿ ಹತ್ರ ಒಂದು ಗೀರಾಗಿತ್ತು. ಇಲ್ದಿದ್ರೆ ಇನ್ನೂ ಜಾಸ್ತಿ ಬರೋದು ಮಿಸ್."

ಅಷ್ಟು ವರ್ಷಗಳಲ್ಲಿ ಆ ರೈಲು ರೈಲಾಗಿ ಇದ್ದದ್ದು ಆ ಒಂದು ಸುತ್ತು ಮಾತ್ರ. ಅದೇ ಇವನಿಗೆ ನಷ್ಟ.

ಕೊಂಡವನ ನಂಬರ್ ಕೊಡು ಎಂದೆ. ಅವನೇ ಫೋನ್ ಮಾಡಿ ಕೊಟ್ಟ. ಬೆಂಗಳೂರಿನ ಯಾರೋ ಒಬ್ಬರು, ಬಹಳ ಮರ್ಯಾದೆಯಿಂದ ಮಾತಾಡಿದರು. ರೈಲು ಈಗ ಅವರ ಹತ್ತಿರವೂ ಇಲ್ಲ, ಇನ್ನಷ್ಟು ಬೆಲೆಗೆ ಬೇರೆ ಊರಿನವರಿಗೆ ಕೊಟ್ಟಾಗಿದೆ ಎಂದರು. ಒಂದು ಸಲವಾದರೂ ಓಡಿಸಿ ನೋಡಿದಿರಾ ಎಂದು ಕೇಳಿದೆ. ಓಡಿಸಬಾರದು ಮೇಡಂ, ರೇಟು ಬಿದ್ದುಹೋಗುತ್ತದೆ ಎಂದರು. ಅದರ ಮೇಲೆ ಆಸೆಪಟ್ಟು ತೆಗೆದುಕೊಂಡು, ದಿನಾ ನೋಡಿ ಸಂತೋಷಪಡುವ ಒಬ್ಬ ಮನುಷ್ಯ ಸಿಕ್ಕಿದ್ದರೆ ನನ್ನ ಸಿಟ್ಟು ಸ್ವಲ್ಪ ತಣ್ಣಗಾಗುತ್ತಿತ್ತೋ ಏನೋ. ಅಂಥವರೂ ಇದ್ದಾರೆ ಎಂದು ಬಲ್ಲೆ. ಆದರೆ ಇಲ್ಲಿ ಅದನ್ನು ಯಾರೂ ಬಯಸಿಯೇ ಇರಲಿಲ್ಲ. ಕೈಯಿಂದ ಕೈಗೆ ಹೋಗುತ್ತ ಬೆಲೆ ಏರಿಸಿಕೊಳ್ಳುತ್ತಿತ್ತು, ಅಷ್ಟೇ.

ಆ ದಿನ ಬಸ್ಸಿನಲ್ಲಿ ಊರಿಗೆ ಬರುವಾಗ ನನಗೆ ಒಂದೇ ಯೋಚನೆ. ಆ ನಲವತ್ತು ಸಾವಿರ ಯಾವುದಕ್ಕೆ ಬಂತು? ತಗಡಿಗಲ್ಲ, ಬಣ್ಣಕ್ಕಲ್ಲ. ಒಂದು ಹುಡುಗಿ ಷೋಕೇಸಿನ ಗಾಜಿನ ಹೊರಗೆ ನಿಂತು ನೋಡಿದಳಲ್ಲ, ಕೈಗೆ ಸಿಗದೆ ದೊಡ್ಡವಳಾದಳಲ್ಲ, ಆ ಕೊರತೆಗೆ ಬಂದ ಬೆಲೆ ಅದು. ಅದನ್ನು ಸರಿಪಡಿಸಲು ತಾಯಿ ಕೊನೆಗಾಲದಲ್ಲಿ ಒಂದು ದಾರಿ ಹುಡುಕಿದರೆ, ಅದನ್ನೂ ಮಾರಿಕೊಂಡರು. ವ್ಯಾಪಾರ ತಪ್ಪೆಂದು ನಾನು ಹೇಳುತ್ತಿಲ್ಲ. ಸಂತೆಯಲ್ಲಿ ತೆಂಗಿನಕಾಯಿ ಮಾರುವವರ ಊರಿನವಳು ನಾನು. ಆದರೆ ಮಾರಬೇಕಾದರೆ ಅದು ನಿನ್ನದಾಗಿರಬೇಕು. ಮಕ್ಕಳ ಹೆಸರು ಹೇಳಿ ಕೈಯೊಡ್ಡಿ ಇಸಿದುಕೊಂಡದ್ದು ಎಂದೂ ನಿನ್ನದಾಗುವುದಿಲ್ಲ.

ಮನೆಗೆ ಬಂದು ತಂಗಿಗೆ ಫೋನ್ ಮಾಡಿದೆ. ಅವಳೂ ಉರಿದೇಳುತ್ತಾಳೆ ಎಂದುಕೊಂಡಿದ್ದೆ. ಅವಳು, "ಅಕ್ಕ, ಇಲ್ಲಿ ಮಕ್ಳು ಜಾರುಬಂಡೆ ಬಿಟ್ಟು ಇಳೀತಿಲ್ಲ. ಅವನನ್ನ ಬೈದು ಏನ್ ಬಂತು ಬಿಡು" ಎಂದಳು. ನಮ್ಮ ವಾಕಿಂಗ್ ಗುಂಪಿನವರಿಗೆ ಹೇಳಿದರೆ ಇನ್ನೂ ವಿಚಿತ್ರ. ಒಬ್ಬರು, ಹುಡುಗ ಬುದ್ಧಿವಂತ, ಒಂದರಿಂದ ಹತ್ತು ಮಾಡಿದ ಎಂದರು. ಇನ್ನೊಬ್ಬರು, ನಮ್ಮ ಮನೆಯಲ್ಲೂ ಒಂದು ಹಳೇ ಬಸ್ಸಿದೆ, ಅವನ ನಂಬರ್ ಕೊಡಿ ಎಂದರು. ನಾನು ಆ ಬೆಳಿಗ್ಗೆ ಹೊಳೆಯ ತನಕ ಹೋಗದೆ ಅರ್ಧದಲ್ಲೇ ತಿರುಗಿ ಬಂದೆ. ಕದ್ದವನಿಗಿಂತ, ಕದ್ದದ್ದನ್ನು ಜಾಣತನ ಎನ್ನುವವರ ಮೇಲೆ ನನಗೆ ಹೆಚ್ಚು ಸಿಟ್ಟು ಬಂದಿತ್ತು.

ಇನ್ನು ಆ ತಾಯಿಗೆ ಹೇಳಬೇಕಿತ್ತು. ಫೋನಿನಲ್ಲಿ ಹೇಳುವ ಮಾತಲ್ಲ. ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ನಾನು ಹೋದಾಗ ಇಬ್ಬರೂ ಊಟ ಮುಗಿಸಿ ಕೂತಿದ್ದರು. ತಾಯಿ ನನ್ನ ಕೈ ನೋಡಿದರು. ವಿಡಿಯೊ ತಂದಿದ್ದೇನೆ, ಫೋನ್ ತೆಗೆಯುತ್ತೇನೆ ಎಂದುಕೊಂಡರೆಂದು ಕಾಣುತ್ತದೆ. ನಾನು ಒಂದೂ ಬಿಡದೆ ಹೇಳಿದೆ. ನನ್ನ ವಿದ್ಯಾರ್ಥಿ ಮಾರಿದ್ದು, ಬೆಲೆ, ಜಾರುಬಂಡೆ ತಂದದ್ದು, ರೈಲು ಈಗ ಎಲ್ಲಿದೆಯೋ ಗೊತ್ತಿಲ್ಲದ್ದು.

ಅವರು ಬೈಯಲಿಲ್ಲ. ಕಣ್ಣೀರೂ ಹಾಕಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಎಲ್ಲ ಕೇಳಿಸಿಕೊಂಡರು.

"ಅಷ್ಟು ರೇಟು ಅಂತ ಗೊತ್ತಿದ್ರೂ ನಾನು ಮಕ್ಳಿಗೇ ಕೊಡ್ತಿದ್ದೆ ಮೇಡಮ್ಮ. ಆದ್ರೆ ನಂಗೆ ಗೊತ್ತಿರ್ಬೇಕಾಗಿತ್ತು. ಏಳ್ದೆ ಕೇಳ್ದೆ ಅಂಗೆ ಮಾಡ್ಬಾರ್ದಾಗಿತ್ತು" ಎಂದರು. ಆಮೇಲೆ ಮೆಲ್ಲಗೆ, ಮತ್ತೆ ಯಾರ ಮನೆ ಷೋಕೇಸಿಗೆ ಓಯ್ತೋ ಎಂದರು.

ಮಗಳು ಎದ್ದು ತಟ್ಟೆಗಳನ್ನು ಎತ್ತುತ್ತ ನನ್ನ ಕಡೆ ನೋಡದೆ ಹೇಳಿದಳು. "ನಾನು ಒಂದ್ಸಲಾನೂ ಅದಕ್ಕೆ ಕೀ ಕೊಟ್ಟಿಲ್ಲ ಮೇಡಂ. ಆವತ್ತು ನೀವು ಬಂದಿದ್ದಾಗ ಕೇಳೋಣ ಅನ್ನಿಸ್ತು. ಈ ವಯಸ್ಸಲ್ಲಿ ಏನು ಅಂತ ಸುಮ್ನಾದೆ."

ತಾಯಿ ತಲೆಯೆತ್ತಿ ಮಗಳನ್ನು ನೋಡಿದರು. ನಾನು ಅಲ್ಲಿರಬಾರದಿತ್ತು ಎನ್ನಿಸಿತು.

ಅಲ್ಲಿಂದ ಹೊರಟು ಬಸ್ ನಿಲ್ದಾಣಕ್ಕೆ ಬಂದವಳೇ ಅವನಿಗೆ ಫೋನ್ ಮಾಡಿದೆ. ಬಂದು ಆ ತಾಯಿಯ ಮುಂದೆ ನಿಂತು ನೀನು ಮಾಡಿದ್ದನ್ನು ನಿನ್ನ ಬಾಯಲ್ಲೇ ಹೇಳು, ಉಳಿದ ದುಡ್ಡನ್ನು ಅವರ ಕೈಗೆ ಕೊಡು, ಅವರು ಏನಾದರೂ ಮಾಡಿಕೊಳ್ಳಲಿ ಎಂದೆ. ಅಂಗಡಿಯಲ್ಲಿ ರಷ್ ಇದೆ, ಆಮೇಲೆ ಮಾಡುತ್ತೇನೆ ಎಂದ. ಮಾಡಲಿಲ್ಲ. ಮುಂದೆ ನನ್ನ ಕರೆ ತೆಗೆಯುವುದನ್ನೇ ಬಿಟ್ಟ. ಒಂದು ವಾರದಲ್ಲಿ ಅವನ ಸ್ಟೇಟಸ್ಸಿನಲ್ಲಿ ಮಕ್ಕಳು ಜಾರುಬಂಡೆಯಲ್ಲಿ ಆಡುವ ಫೋಟೊ ಬಂತು. ಕೆಳಗೆ, ಒಳ್ಳೇದು ಮಾಡೋಕೆ ಹೋದೋರಿಗೆ ಕೆಟ್ಟ ಹೆಸರೇ ಉಡುಗೊರೆ ಎಂದು ಬರೆದಿದ್ದ. ನನ್ನ ಹಳೆಯ ವಿದ್ಯಾರ್ಥಿಗಳು ಎಷ್ಟೋ ಮಂದಿ ಅದನ್ನು ತಮ್ಮ ಫೋನಿನಲ್ಲೂ ಹಾಕಿಕೊಂಡು ಅವನನ್ನು ಹೊಗಳಿದರು. ಯಾರ ಮಾತಿಗೆ ಅವನು ಹಾಗೆ ಬರೆದದ್ದು ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಎಷ್ಟು ಜನ ನನ್ನ ಕಡೆ ನಿಲ್ಲುತ್ತಿದ್ದರೋ ಹೇಳಲಾರೆ.

ಪೊಲೀಸಿಗೆ ಹೇಳಿ ಎಂದವರಿದ್ದರು. ದಾನ ಕೊಟ್ಟ ಆಟದ ರೈಲು ಎಂದರೆ ಠಾಣೆಯಲ್ಲಿ ನಗುತ್ತಾರೆ ಎಂಬುದು ನನಗೆ ಗೊತ್ತಿತ್ತು. ನಾನು ಮಾಡಿದ್ದು ಇಷ್ಟೇ. ಲೋಹದ ಕಾರು ಕೊಟ್ಟ ಹಾಸನದ ಮನೆಗೆ, ಹಳ್ಳಿಮೈಸೂರಿಗೆ, ಕೊಟ್ಟವರ ಒಂದೊಂದು ಮನೆಗೂ ಮತ್ತೆ ಹೋಗಿ, ನಿಮ್ಮ ಸಾಮಾನಿನಲ್ಲಿ ಇದು ಮುಟ್ಟಿದೆ, ಇದು ಮುಟ್ಟಿಲ್ಲ ಎಂದು ಹೇಳಿ ಬಂದೆ. ಕೆಲವರು ಹೋಗಲಿ ಬಿಡಿ ಎಂದರು. ಕಾರು ಕೊಟ್ಟ ಮನೆಯ ಯಜಮಾನರು ಮಾತ್ರ, ಇನ್ನು ಮೇಲೆ ಯಾರು ಕೇಳಿಕೊಂಡು ಬಂದರೂ ಕೊಡುವುದಿಲ್ಲ ಎಂದು ನನ್ನ ಮುಖಕ್ಕೇ ಹೇಳಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾಳೆ ನಿಜವಾಗಿಯೂ ಮಕ್ಕಳಿಗಾಗಿ ಕೇಳಲು ಹೋಗುವವರ ಬಾಗಿಲನ್ನು ಅವನು ಮುಚ್ಚಿಸಿದ್ದ. ಇದನ್ನು ಯಾವ ಜಾರುಬಂಡೆಯ ಲೆಕ್ಕಕ್ಕೆ ಸೇರಿಸುವುದು?

ಸ್ವಲ್ಪ ದಿನದ ಮೇಲೆ ಚನ್ನರಾಯಪಟ್ಟಣದ ಆ ಮಗಳು ಫೋನ್ ಮಾಡಿ, ಅಂಗನವಾಡಿಗೆ ಒಮ್ಮೆ ಬರಬಹುದೇ ಎಂದಳು. ಹೊಲಿಗೆಯಲ್ಲಿ ಉಳಿದ ರವಿಕೆ ತುಂಡುಗಳಿಂದ ಬಟ್ಟೆಯ ಚೆಂಡುಗಳನ್ನು ಮಾಡಿ ಒಂದು ಚೀಲದ ತುಂಬ ತಂದಳು. ಹೊಳೆನರಸೀಪುರದಲ್ಲಿ ನಾನು ಜೊತೆಯಾದೆ, ಇಬ್ಬರೂ ಅರಕಲಗೂಡಿಗೆ ಹೋಗಿ ಅಲ್ಲಿಂದ ಆಟೊ ಮಾಡಿಕೊಂಡೆವು. ಅವಳು ಮೊದಲು ಗೋಡೆಗೆ ಒರಗಿ ಕೂತೇ ಇದ್ದಳು. ಒಂದು ಹುಡುಗಿ ಬಂದು ಅವಳ ಬೆನ್ನಿಗೆ ಚೆಂಡಿನಿಂದ ಹೊಡೆದು ಓಡಿತು. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು. ಆಮೇಲೆ ಊಟದ ಹೊತ್ತಾದರೂ ಮಕ್ಕಳು ಅವಳನ್ನು ಬಿಡಲಿಲ್ಲ, ಅವಳೂ ಅವರನ್ನು ಬಿಡಲಿಲ್ಲ. ನನ್ನ ತಂಗಿ ಕೂಗಿ ಕೂಗಿ ಸಾಕಾದಳು. ಚೆಂಡುಗಳಲ್ಲಿ ಎಷ್ಟೋ ಪಕ್ಕದ ಹೊಗೆಸೊಪ್ಪಿನ ಹೊಲಕ್ಕೆ ಬಿದ್ದು ಹೋದವು.

ವಾಪಸ್ ಬರುವಾಗ ಅವಳು ಕೈಕಾಲು ನೋಯುತ್ತಿದೆ ಎಂದು ನಕ್ಕಳು.

ಅವನನ್ನು ಮತ್ತೆ ನೋಡಿದ್ದು ಈಚೆಗೆ, ಹಾಸನದ ಬಸ್ ನಿಲ್ದಾಣದ ಹತ್ತಿರ. ಬೈಕ್ ನಿಲ್ಲಿಸಿ ತಾನೇ ಮಾತಾಡಿಸಿದ. ಬಗ್ಗಲು ಬಂದ. ನಾನು ಕಾಲು ಹಿಂದೆಗೆದೆ. ಮುಖ ಸಪ್ಪಗಾಯಿತು. ನಿಮಗೆ ನನ್ನ ಮೇಲೆ ಇನ್ನೂ ಬೇಜಾರಿದೆ, ಆದರೆ ನಾನು ಬದಲಾಗಿದ್ದೇನೆ ಮಿಸ್ ಎಂದ. ಈಗ ದಾನದ ಸಾಮಾನು ಮುಟ್ಟುವುದಿಲ್ಲವಂತೆ. ಹಳ್ಳಿಗಳಿಗೆ ಹೋಗಿ, ಹಳೇ ಮನೆಗಳಲ್ಲಿ ಬಿದ್ದಿರುವ ಮರದ ಬೊಂಬೆ, ತಗಡಿನ ಬಸ್ಸು, ಚನ್ನೆಮಣೆ, ಇಂಥವನ್ನೆಲ್ಲ ದುಡ್ಡು ಕೊಟ್ಟೇ ಕೊಳ್ಳುತ್ತಾನಂತೆ. ಅಂಗಡಿಯ ಮುಂದೆ ಬೋರ್ಡೂ ಹಾಕಿದ್ದಾನಂತೆ. ಈಗ ಸರಿಯಾ ಮಿಸ್ ಎಂದು, ಹಿಂದೆ ಆಟ ಮುಗಿಸಿ ಬಂದು ಕೇಳುತ್ತಿದ್ದ ಹಾಗೇ ಕೇಳಿದ.

ಒಂದು ಗಳಿಗೆ ನನಗೂ ಮನಸ್ಸು ಕರಗಿತು. ಕೇಳಿಯೇ ಬಿಡೋಣ ಎಂದು ಕೇಳಿದೆ. "ಕೊಳ್ಳೋವಾಗ, ಇದನ್ನ ಎಷ್ಟಕ್ಕೆ ಮಾರ್ತೀನಿ ಅಂತ ಅವರಿಗೆ ಹೇಳ್ತೀಯಾ?"

ಅವನು ನಕ್ಕ. "ಹೇಳಿದ್ರೆ ಯಾರು ಕೊಡ್ತಾರೆ ಮಿಸ್?"

ನನ್ನ ಬಸ್ಸು ಹೊರಡುತ್ತಿತ್ತು. ಓಡಿ ಹತ್ತಿದೆ. ಕಂಡಕ್ಟರ್ ಬಂದು ಎಲ್ಲಿಗಮ್ಮ ಎಂದು ಎರಡು ಸಲ ಕೇಳಿದನಂತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೊಣಕೈ ಮುಟ್ಟಿ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಹೊಳೆನರಸೀಪುರ ಎಂದೆ. ಅದೂ ಜಗಳಕ್ಕೆ ನಿಂತವಳ ದನಿಯಲ್ಲಿ ಬಂತೆಂದು ಕಾಣುತ್ತದೆ. ಪಾಪ, ಅವನು ಟಿಕೆಟ್ ಹರಿದುಕೊಟ್ಟು ಮುಂದಕ್ಕೆ ಹೋದ.